ಗಲ್ಲಾದ ಕೆಮ್ಮು: ಸಾಕಿನಾಕಾದ ಒಂದು ಪ್ರಕರಣ

ಈ ಪ್ರಕರಣದ ರೋಗಿಯನ್ನು ಮುಂಬೈ ಸಾಕಿನಾಕಾದ ಅವರ ಹೋಟೆಲಿನ ಹುಡುಗರೆಲ್ಲ ‘ಅಣ್ಣ’ ಅನ್ನುತ್ತಾರೆ. ಇಲ್ಲಿಯೂ ಹಾಗೇ ಇರಲಿ. ಅವರ ಹೆಸರು, ಹೋಟೆಲಿನ ಹೆಸರು ಬಿಟ್ಟು ಉಳಿದದ್ದನ್ನು ಬರೆಯಲು ಅವರದೂ ಅವರ ಧಣಿಯದೂ ಒಪ್ಪಿಗೆ ಇದೆ. ಅಣ್ಣ ಕೇಳಿದ ಕೂಡಲೇ ಹೂಂ ಅಂದರು. ಧಣಿಯ ಹೂಂ ಸಿಗುವುದಕ್ಕೆ ಎರಡು ಪ್ಲೇಟ್ ಗೋಳಿಬಜೆ, ಮೂರು ಕಟಿಂಗ್ ಚಾ ಮತ್ತು ಒಂದು ಗಂಟೆ ಮಾತು ಬೇಕಾಯಿತು.

ಅಣ್ಣ ಕಾರ್ಕಳದ ಕಡೆಯವರು. 1988ರಲ್ಲಿ, ಹದಿನೈದನೇ ವಯಸ್ಸಿಗೆ ಮುಂಬೈ ಬಸ್ಸು ಹತ್ತಿದವರು. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದ ಆ ಕಾಲದ ಹುಡುಗರಲ್ಲಿ ಒಬ್ಬರು. ಅಡುಗೆಮನೆಯಲ್ಲಿ ಏಳೆಂಟು ವರ್ಷ, ಆಮೇಲೆ ವೇಟರ್, ಆಮೇಲೆ ಮೇಸ್ತ್ರಿ, ಕಳೆದ ಒಂಬತ್ತು ವರ್ಷದಿಂದ ಗಲ್ಲಾ. ಬೆಳಿಗ್ಗೆ ಏಳರಿಂದ ಮೂರು, ಸಂಜೆ ಆರರಿಂದ ಹನ್ನೊಂದು. ಬೀಡಿ ಸಿಗರೇಟು ಇಲ್ಲ. ಈ ವಿಷಯದಲ್ಲಿ ನಾನು ರೋಗಿಯ ಮಾತನ್ನು ಸುಲಭಕ್ಕೆ ನಂಬುವವನಲ್ಲ. ಹೋಟೆಲಿನ ಹುಡುಗರನ್ನು ಬೇರೆಯಾಗಿ ಕೇಳಿದೆ. ನಿಜವಾಗಿಯೂ ಇಲ್ಲ.

ಅವರು ನನ್ನ ದವಾಖಾನೆಗೆ ಬಂದದ್ದು 2023ರ ದೀಪಾವಳಿ ಕಳೆದ ವಾರ. ಆ ವರ್ಷದ ಅಕ್ಟೋಬರ್, ನವೆಂಬರ್ ಮುಂಬೈಯವರಿಗೆ ನೆನಪಿರಬಹುದು. ಬಾಂದ್ರಾ ಕಡೆಯಿಂದ ನೋಡಿದರೆ ವರ್ಲಿಯ ಕಟ್ಟಡಗಳು ಹಾಲು ಬೆರೆಸಿದ ಹಾಗೆ ಕಾಣುತ್ತಿದ್ದವು. ಬಾಂಬೆ ಹೈಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡು, ಕೊನೆಗೆ ಪಟಾಕಿಗೆ ರಾತ್ರಿ 8ರಿಂದ 10ರ ಗಡುವು ಹಾಕಿತ್ತು. ಮಹಾನಗರಪಾಲಿಕೆ ಕಟ್ಟಡ ಕಟ್ಟುವಲ್ಲೆಲ್ಲ ತಗಡಿನ ಬೇಲಿ ಎತ್ತರಿಸಿ, ನೀರು ಚಿಮುಕಿಸಿ ಎಂದು ಆಜ್ಞೆ ಹೊರಡಿಸಿತ್ತು. ನನ್ನ ಬೆಂಚಿನ ಮೇಲೆ ಕೂತ ಹತ್ತು ಜನರಲ್ಲಿ ಏಳು ಜನಕ್ಕೆ ಕೆಮ್ಮು.

“ಎಂತದ್ದು ಡಾಕ್ಟ್ರೇ, ಮೂರು ವಾರ ಆಯ್ತು, ಹೋಗುದೇ ಇಲ್ಲ,” ಅಂದರು ಅಣ್ಣ. ಒಣಕೆಮ್ಮು, ರಾತ್ರಿ ಹೆಚ್ಚು. ನಾನು ಎದೆಗೆ ಸ್ಟೆತಾಸ್ಕೋಪು ಇಟ್ಟ ಶಾಸ್ತ್ರ ಮಾಡಿ, ಎಲ್ಲರಿಗೂ ಬರೆದದ್ದನ್ನೇ ಅವರಿಗೂ ಬರೆದೆ. ಪಟಾಕಿ ಹೊಗೆ, ವಾರದಲ್ಲಿ ಹೋಗುತ್ತದೆ ಅಂದೆ.

ಹೋಗಲಿಲ್ಲ.

ಕಳೆದುಹೋದ ಎರಡು ತಿಂಗಳು

ಮುಂದಿನದು ನನ್ನ ತಪ್ಪುಗಳ ಪಟ್ಟಿ. ಎರಡು ವಾರ ದಾಟಿದ ಕೆಮ್ಮು ಅಂದರೆ ಕಫದ ಪರೀಕ್ಷೆ ಮಾಡಿಸಲೇಬೇಕು, ಅದರಲ್ಲೂ ಮುಂಬೈಯಲ್ಲಿ. ಮಾಡಿಸಿದೆ, ಕ್ಷಯ ಇಲ್ಲ. ಎಕ್ಸ್‌ರೇ ಶುದ್ಧ. ಆಮೇಲೆ ಒಂದು ಕೋರ್ಸ್ ಆಂಟಿಬಯೋಟಿಕ್, ಅದು ಬೇಕಿರಲಿಲ್ಲ. ಹೋಟೆಲಿನವರ ಊಟದ ಹೊತ್ತು ಗೊತ್ತಲ್ಲ, ಮಧ್ಯಾಹ್ನದ್ದು ನಾಲ್ಕಕ್ಕೆ, ರಾತ್ರಿಯದು ಹನ್ನೆರಡಕ್ಕೆ. ಹುಳಿತೇಗಿನಿಂದ ಕೆಮ್ಮು ಬರುತ್ತದೆಂದು ಒಂದು ತಿಂಗಳು ಆಸಿಡಿಟಿ ಮಾತ್ರೆ ಕೊಟ್ಟೆ. ರೂಮಿನಲ್ಲಿ ಸೊಳ್ಳೆಬತ್ತಿ ಹಚ್ಚುತ್ತಾರೆಂದು ತಿಳಿದಾಗ ಕಳ್ಳ ಸಿಕ್ಕಿದ ಅಂದುಕೊಂಡೆ. ಅಂದುಕೊಂಡದ್ದರಲ್ಲಿ ಅರ್ಥವಿತ್ತು: ಒಂದು ಸುರುಳಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟಿನದಕ್ಕೆ ಸಮ ಎಂದು 2003ರಲ್ಲೇ ಅಳೆದು ತೋರಿಸಿದ್ದಾರೆ. ಸುರುಳಿ ಬಿಡಿಸಿ ಪರದೆ ಕಟ್ಟಿಸಿದೆ. ರಾತ್ರಿಯ ಕೆಮ್ಮು ಸ್ವಲ್ಪ ಇಳಿಯಿತು. ಹಗಲಿನದು ಹಾಗೇ ಉಳಿಯಿತು.

ಡಿಸೆಂಬರ್ ಕೊನೆಗೆ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಎದೆ ಸೊಂಯ್ ಸೊಂಯ್ ಅನ್ನತೊಡಗಿತು. ತುರ್ತಿಗೆಂದು ಪಂಪು, ಅಂದರೆ ಇನ್‌ಹೇಲರ್, ಬರೆದುಕೊಟ್ಟೆ. ಕಿಸೆಯಲ್ಲಿ ಇಟ್ಟುಕೊಂಡರು, ಯಾರಿಗೂ ಕಾಣದ ಹಾಗೆ. ಜನವರಿಯಲ್ಲಿ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು. ಹತ್ತನೇ ದಿನಕ್ಕೆ ಫೋನು.

“ಡಾಕ್ಟ್ರೇ, ಒಂದು ವಿಷಯ ಹೇಳ್ತೇನೆ, ನಗಬೇಡಿ. ಇಲ್ಲಿ ಬಂದು ನಾಲ್ಕನೇ ದಿನದಿಂದ ಪಂಪು ಮುಟ್ಲೇ ಇಲ್ಲ. ಮದುವೆ ಚಪ್ಪರದ ಕೆಲಸ ಎಲ್ಲ ನಾನೇ ಮಾಡಿದ್ದು.”

ನಗು ಬರಲಿಲ್ಲ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಗೆ ಎರಡೂವರೆ ತಿಂಗಳ ನಂತರ ರೋಗಿಯೇ ಉತ್ತರ ಕೊಡುತ್ತಿದ್ದರು. ಎಲ್ಲಿದ್ದಾಗ ಹೆಚ್ಚು, ಎಲ್ಲಿದ್ದಾಗ ಕಡಿಮೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಬಿಲ್ ಪುಸ್ತಕದ ಹಿಂಬದಿ

ಹಿಂತಿರುಗಿದ ಮೇಲೆ ಸ್ಪೈರೋಮೆಟ್ರಿ ಮಾಡಿಸಿದೆ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ 1.80 ಲೀಟರ್, ಒಟ್ಟು 2.90. ಅನುಪಾತ 0.62, ಅಂದರೆ ಶ್ವಾಸನಾಳ ಬಿಗಿದಿದೆ. ಪಂಪಿನ ಔಷಧಿ ಕೊಟ್ಟು ಹದಿನೈದು ನಿಮಿಷ ಬಿಟ್ಟು ಊದಿಸಿದಾಗ 2.16 ಲೀಟರ್. 12 ಶೇಕಡಾ ಮತ್ತು 200 ಮಿಲಿಲೀಟರ್ ದಾಟಿ ಏರಿದರೆ ಅದು ಅಸ್ತಮಾದ ಗುರುತು. ಇವರದು 20 ಶೇಕಡಾ ಏರಿತ್ತು. ಐವತ್ತರ ವಯಸ್ಸಿನಲ್ಲಿ ಶುರುವಾದ ಅಸ್ತಮಾ. ಸ್ಟೀರಾಯ್ಡ್ ಇರುವ ಪಂಪು ದಿನಕ್ಕೆರಡು ಹೊತ್ತು ಎಂದು ಬರೆದೆ. “ಒಮ್ಮೆ ಹಿಡಿದ್ರೆ ಬಿಡ್ಲಿಕ್ಕೆ ಆಗುದಿಲ್ಲ ಅಂತಾರಲ್ಲ?” ಎಂಬ ಪ್ರಶ್ನೆಗೆ, ಚಾ ಹಿಡಿದು ಮೂವತ್ತೈದು ವರ್ಷ ಆಯ್ತಲ್ಲ ಅಂದೆ. ನಕ್ಕರು, ತೆಗೆದುಕೊಂಡರು.

ಜೊತೆಗೆ ಕೈಗೊಂದು ಪೀಕ್ ಫ್ಲೋ ಮೀಟರ್ ಕೊಟ್ಟೆ. ಅಗ್ಗದ ಪ್ಲಾಸ್ಟಿಕ್ ಕೊಳವೆ ಅದು. ಊದಿದರೆ ಮುಳ್ಳು ಓಡಿ, ಉಸಿರಿನ ವೇಗ ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸಿ ನಿಲ್ಲುತ್ತದೆ; ಅಂಕಿ ಏರಿದಷ್ಟು ಉಸಿರು ಸಲೀಸು. ಕೆಲಸದ ಜಾಗಕ್ಕೂ ಉಬ್ಬಸಕ್ಕೂ ನಂಟು ಇದೆಯೇ ನೋಡಬೇಕಾದರೆ ದಿನಕ್ಕೆ ನಾಲ್ಕು ಸಲ, ಕೆಲಸದಲ್ಲಿರುವಾಗಲೂ ದೂರ ಇರುವಾಗಲೂ ವಾರಗಟ್ಟಲೆ ಊದಿ ಬರೆದಿಡಬೇಕು. ನನ್ನ ರೋಗಿಗಳಲ್ಲಿ ಹೆಚ್ಚಿನವರು ಮೂರನೇ ದಿನಕ್ಕೆ ಬಿಡುತ್ತಾರೆ. ಅಣ್ಣ ಗಲ್ಲಾದ ಮನುಷ್ಯ, ಲೆಕ್ಕ ಬರೆಯದೆ ನಿದ್ದೆ ಬಾರದು. ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಆರು ವಾರ ಬಿಡದೆ ಬರೆದರು. ರಾತ್ರಿ ಶಾಲೆಯ ಅಕ್ಷರ, ಒಂದೂ ತಿದ್ದಿಲ್ಲ.

ಫೆಬ್ರುವರಿಯ ಎರಡು ವಾರ ಮುಂಬೈ: ಬೆಳಿಗ್ಗೆ ಎದ್ದಾಗ 340 ಆಸುಪಾಸು, ರಾತ್ರಿ ಮಲಗುವಾಗ 270, 280. ಗುರುವಾರ ರಜೆ, ಆ ದಿನ 330ರ ಹತ್ತಿರ ನಿಲ್ಲುತ್ತದೆ, ಅದಕ್ಕಿಂತ ಮೇಲೇರುವುದಿಲ್ಲ. ಮಾರ್ಚಿನಲ್ಲಿ ಮನೆಯ ದೈವದ ನೇಮಕ್ಕೆಂದು ಹನ್ನೆರಡು ದಿನ ಊರು, ಪಂಪು ಅದೇ ಪ್ರಮಾಣದಲ್ಲಿ: ನಾಲ್ಕನೇ ದಿನ 380, ಎಂಟನೇ ದಿನ 410, ಆಮೇಲೆ ಬೆಳಿಗ್ಗೆ ರಾತ್ರಿ ಎನ್ನದೆ ಅಲ್ಲೇ. ವಾಪಸ್ಸು ಮುಂಬೈ: ಮೊದಲ ದಿನ 400, ಮೂರನೇ ದಿನ 350, ಒಂಬತ್ತನೇ ದಿನ ರಾತ್ರಿ 290.

ಒಬ್ಬನ ಪಟ್ಟಿಯಿಂದ ಕಾರಣ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ಊರಿನಲ್ಲಿ ನಿದ್ದೆ ಹೆಚ್ಚು, ತಲೆಬಿಸಿ ಕಡಿಮೆ. ಆದರೆ ಊರಿನ ಮನೆಯಲ್ಲಿ ಇವತ್ತಿಗೂ ಬಚ್ಚಲ ಒಲೆಗೆ ತೆಂಗಿನ ಮಡಲು, ಕಟ್ಟಿಗೆ. ನೇಮದ ರಾತ್ರಿಯಿಡೀ ಪಂಜು, ದೊಂದಿಯ ಹೊಗೆ. ಅದರ ನಡುವೆಯೇ 410. ಮುಂಬೈಯಲ್ಲಿ ಗುರುವಾರ ಒಂದು ದಿನ ರೂಮಿನಲ್ಲಿದ್ದರೆ ಸಾಲದು, ಉಳಿದ ಆರು ದಿನ ಇಳಿಯುತ್ತ ಹೋಗುವ ಗೆರೆ ಬೇರೇನನ್ನೋ ಹೇಳುತ್ತಿತ್ತು. ಗಲ್ಲಾವನ್ನು ಒಮ್ಮೆ ನೋಡಬೇಕು ಅನಿಸಿತು. ಮೂವತ್ತು ಹೆಜ್ಜೆ ದೂರದ ಹೋಟೆಲು. ನಾನು ಅಲ್ಲಿ ಸಾವಿರ ಸಲ ಚಾ ಕುಡಿದಿದ್ದೇನೆ. ಯಾವತ್ತೂ ನೋಡಿರಲಿಲ್ಲ.

ಮಲಗಿಕೊಂಡ ಊದುಬತ್ತಿ

ಅಂಧೇರಿ–ಕುರ್ಲಾ ರಸ್ತೆಯ ಮೇಲೆ 2014ರಿಂದ ಮೆಟ್ರೋ ಓಡುತ್ತಿದೆ. ರಸ್ತೆಯ ಜನರನ್ನು ಮೇಲೆತ್ತಿಕೊಂಡು ಹೋದ ಉಪಕಾರ ಅದರದು. ಆದರೆ ಕೆಳಗೆ ನಿಂತು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಎರಡೂ ಕಡೆ ನಾಲ್ಕೈದು ಮಾಳಿಗೆಯ ಕಟ್ಟಡ, ನೆತ್ತಿಯ ಮೇಲೆ ಕಾಂಕ್ರೀಟಿನ ಸೇತುವೆ, ನಿಲ್ದಾಣದ ಬಳಿ ಅದು ಇನ್ನೂ ಅಗಲ. ಮೇಲಕ್ಕೆ ಹೋಗಬೇಕಾದ ಹೊಗೆಗೆ ಮಾಡು ಹೊದಿಸಿದ ಹಾಗೆ. ಕೆಳಗೆ ನಾಕಾದ ಸಿಗ್ನಲ್. ಖೈರಾನಿ ರಸ್ತೆಯ ಕಾರ್ಖಾನೆಗಳಿಗೆ ಹೋಗುವ ಟೆಂಪೊ, ಸಿಮೆಂಟ್ ಮಿಕ್ಸರ್ ಲಾರಿ, ಆಫೀಸು ಬಸ್ಸು, ನೀರಿನ ಟ್ಯಾಂಕರ್. ಮುಂಬೈಯ ರಿಕ್ಷಾ, ಟ್ಯಾಕ್ಸಿಗಳು ಸಿಎನ್‌ಜಿಗೆ ಬಂದು ಎಷ್ಟೋ ಕಾಲವಾಯಿತು. ಆದ್ದರಿಂದ ಇಲ್ಲಿ ಮೂಗಿಗೆ ಹತ್ತುವ ಕರಿ ಹೊಗೆ ಹೆಚ್ಚಾಗಿ ಭಾರದ ಡೀಸೆಲ್ ಗಾಡಿಗಳದ್ದು. ನಿಂತು ಹೊರಡುವ, ಮತ್ತೆ ನಿಲ್ಲುವ ಗಾಡಿ ಸರಾಗ ಓಡುವ ಗಾಡಿಗಿಂತ ಹೆಚ್ಚು ಉಗುಳುತ್ತದೆ. ನಾಕಾದಲ್ಲಿ ಸರಾಗ ಎಂಬ ಮಾತೇ ಇಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋಗಿ ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಶಟರಿನ ಎಡಮೂಲೆಯಲ್ಲಿ ಗಲ್ಲಾ, ರಸ್ತೆಗೆ ಮುಖ, ಫುಟ್‌ಪಾತಿಗೂ ಅಣ್ಣನ ಮೂಗಿಗೂ ಐದಡಿ. ಮುಂದೆ ಸ್ಕ್ಯಾನ್ ಮಾಡುವ ಫಲಕ, ‘ಅರವತ್ತು ರೂಪಾಯಿ ಬಂದಿದೆ’ ಎಂದು ಹಿಂದಿಯಲ್ಲಿ ಕೂಗುವ ಡಬ್ಬಿ, ಸೋಂಪಿನ ಬಟ್ಟಲು, ನೋಟು ಎಣಿಸುವ ಸ್ಪಂಜು. ಸ್ಪಂಜಿನ ಪ್ಲಾಸ್ಟಿಕ್ ಬಟ್ಟಲಿಗೆ ಏಳಕ್ಕೆ ಹೊಸ ನೀರು ಹಾಕಿದ್ದರಂತೆ. ಹತ್ತೂವರೆಗೆ ನೀರಿನ ಮೇಲೆ ಮಸಿಯ ತೆಳು ಪೊರೆ, ಅಂಚಿಗೆ ಕಾಡಿಗೆಯ ಗೆರೆ. ನೋಟಿನ ಕೊಳೆ ಇರಬೇಕು ಅಂದೆ. “ನೋಟು ಎಲ್ಲಿ ಉಂಟು ಡಾಕ್ಟ್ರೇ ಈಗ? ಬೆಳಿಗ್ಗೆಯಿಂದ ನಾಲ್ಕು ಜನ ಕೊಟ್ಟಿರ್ಬಹುದು.” ಹಿಂದಿನ ಗೋಡೆಯಲ್ಲಿ ಕಟೀಲಿನ ಅಮ್ಮನ ಪಟ. ಗಾಜನ್ನು ದಿನಾ ರಾತ್ರಿ ಒರೆಸುವ ಬಿಳಿ ಬಟ್ಟೆಯನ್ನು ತೋರಿಸಿದರು. ಬಿಳಿ ಎಂದು ನಾನು ಬರೆದದ್ದು ಅವರು ಹೇಳಿದ್ದರಿಂದ.

ಒಂಬತ್ತು ಗಂಟೆಗೆ ಊದುಬತ್ತಿ ಹಚ್ಚಿದರು. ಹೊಗೆ ನೆಟ್ಟಗೆ ಏಳಲಿಲ್ಲ. ಅಮ್ಮನ ಪಟದ ಕಡೆ ಹೋಗದೆ ಗಲ್ಲಾದ ಮೇಲೆ ಅಡ್ಡಡ್ಡ ಮಲಗಿ, ಟೇಬಲುಗಳ ನಡುವೆ ಹಾದು, ಅಡುಗೆಮನೆಯ ಬಾಗಿಲಿಗೆ ನುಗ್ಗಿತು. ರಸ್ತೆ ಕಡೆಯಿಂದ ಗಾಳಿ ಬೀಸುತ್ತಿರಲಿಲ್ಲ; ಹೊರಗೆ ಕಟ್ಟಿದ ಬಾಳೆ ಎಲೆ ಅಲುಗಾಡಿರಲಿಲ್ಲ. ಒಳಗಿದ್ದ ಹುಡುಗನಿಗೆ ಎಕ್ಸಾಸ್ಟ್ ಫ್ಯಾನು ಒಂದು ನಿಮಿಷ ಬಂದ್ ಮಾಡಲು ಹೇಳಿದೆ. ಹೊಗೆ ಎದ್ದು ನಿಂತಿತು. ಹಾಕು ಅಂದೆ. ಮತ್ತೆ ಮಲಗಿತು.

ಮೂರು ಸಲ ಹಾಗೆ ಮಾಡಿಸಿದೆ. ಭಟ್ಟಿಯ ಮುಂದೆ ನಿಂತಿದ್ದ ಅಡುಗೆಯವರು ನನ್ನನ್ನು ಕೆಟ್ಟದಾಗಿ ನೋಡಿದರು.

ಲೆಕ್ಕ ಸರಳ. ಭಟ್ಟಿಯ ಮೇಲಿನ ದೊಡ್ಡ ಫ್ಯಾನು ಎಷ್ಟು ಗಾಳಿ ಹೊರಗೆ ತಳ್ಳುತ್ತದೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹಿಂದಿನ ಗಲ್ಲಿಗಿದ್ದ ಕಿಟಕಿಗೆ ಇಲಿ ಬರುತ್ತದೆಂದು ವರ್ಷಗಳ ಹಿಂದೆಯೇ ತಗಡು ಹೊಡೆದಿದ್ದರು. ಉಳಿದದ್ದು ಮುಂದಿನ ಶಟರ್ ಒಂದೇ. ಹೋಟೆಲಿನ ಹೊಗೆಯನ್ನು ಹೊರಗೆ ಹಾಕಲು ಕಟ್ಟಿದ ಯಂತ್ರ ನಾಕಾದ ಹೊಗೆಯನ್ನು ದಿನವಿಡೀ ಒಳಗೆ ಎಳೆಯುತ್ತಿತ್ತು. ಎಳೆಯುವ ದಾರಿಯ ಬಾಯಲ್ಲಿ ಅಣ್ಣ ಕೂತಿದ್ದರು.

ಇನ್ನೊಂದು, ಹೋಟೆಲಿನದ್ದೇ ಕಾಣಿಕೆ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನೀರಿನ ಟ್ಯಾಂಕರ್ ಶಟರಿನ ಮುಂದೆಯೇ ನಿಲ್ಲುತ್ತದೆ. ಅದರ ಪಂಪು ಓಡುವುದು ಎಂಜಿನ್ನಿನಿಂದಲೇ. ಇಪ್ಪತ್ತು ನಿಮಿಷ ಎಂಜಿನ್ ಚಾಲೂ. ನಾನು ಕೂತಲ್ಲೇ ಕೆಮ್ಮಿದೆ. ಅಣ್ಣ ಬಾಗಿ ಸೋಂಪಿನ ಬಟ್ಟಲಿಗೆ ತಟ್ಟೆ ಮುಚ್ಚಿದರು. ಒಂಬತ್ತು ವರ್ಷದ ರೂಢಿ: ಟ್ಯಾಂಕರ್ ಬಂದಾಗ ಸೋಂಪು ಮುಚ್ಚುವುದು.

ಮೀಟರ್ ಹೇಳಿದ್ದು, ಹೇಳದ್ದು

ಧಣಿಗೆ ವಿಷಯ ಹೇಳಿದಾಗ ಅವರು ಮೊಬೈಲಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ಹೇಳುವ ಸರಕಾರಿ ಸಮೀರ್ ಆ್ಯಪ್ ತೆಗೆದು ತೋರಿಸಿದರು. ಧಣಿ ಇಲ್ಲೇ ಹುಟ್ಟಿ ಬೆಳೆದವರು, ಅಪ್ಪನ ಹೋಟೆಲನ್ನು ನಡೆಸುತ್ತಿರುವವರು, ಅಂಕಿ ನಂಬುವವರು. “ನೋಡಿ ಡಾಕ್ಟ್ರೇ, 142. ‘ಮಾಡರೇಟ್’ ಅಂತ ಉಂಟು. ದಿಲ್ಲಿಯವರು ಏನು ಹೇಳ್ಬೇಕು ಹಾಗಾದ್ರೆ?”

ದಿಲ್ಲಿಯ ಹೆಸರು ಹೇಳಿ ಮುಂಬೈಯವರು ಬಹಳ ವರ್ಷ ನೆಮ್ಮದಿಯಿಂದ ಇದ್ದೇವೆ. ಸಮುದ್ರವಿದೆ, ಗಾಳಿ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ ಎನ್ನುವುದು ಅರ್ಧ ಸತ್ಯ. ಚಳಿಗಾಲದಲ್ಲಿ ರಾತ್ರಿಯಿಡೀ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಹರಿಯುತ್ತದೆ, ಕಡಲ ಗಾಳಿ ಏಳುವುದು ಹೊತ್ತು ಏರಿದ ಮೇಲೆ. ನೆಲದ ಹತ್ತಿರ ತಂಪು ಗಾಳಿ, ಮೇಲೆ ಬಿಸಿ ಗಾಳಿ ಕೂತರೆ ಹೊಗೆ ಮೇಲೇಳುವುದಿಲ್ಲ. ಅಣ್ಣ ಶಟರ್ ಎತ್ತುವ ಏಳು ಗಂಟೆ ಎಂದರೆ ಅದೇ ಹೊತ್ತು.

ಇನ್ನು 142. ಆ ಅಂಕಿ ಕಣಗಳ ಮಟ್ಟಿಗೆ 24 ಗಂಟೆಯ ಸರಾಸರಿಯಿಂದ ಬರುವಂಥದ್ದು, ಒಂದು ಬಡಾವಣೆಯ ಒಟ್ಟು ಗಾಳಿಯನ್ನು ಹೇಳಲು ಇಟ್ಟ ಯಂತ್ರದ್ದು. 101ರಿಂದ 200ರವರೆಗಿನ ಆ ‘ಮಾಡರೇಟ್’ ಪಟ್ಟಿಯ ಪಕ್ಕದಲ್ಲೇ ಅಸ್ತಮಾ, ಹೃದಯದ ಕಾಯಿಲೆ ಇದ್ದವರಿಗೆ ಉಸಿರಾಟದ ತೊಂದರೆ ಆಗಬಹುದು ಎಂದೂ ಬರೆದಿದೆ. ಧಣಿ ಅಷ್ಟು ಕೆಳಗೆ ಓದಿರಲಿಲ್ಲ. ನಮ್ಮ ದೇಶದ 2009ರ ಮಾನಕದಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಒಂದೇ ಶ್ವಾಸಕೋಶಕ್ಕೆ ಎರಡು ಅಳತೆಗೋಲು.

ಧಣಿಗೆ ಅಂಕಿಯಿಂದಲೇ ಉತ್ತರಿಸೋಣವೆಂದು ಪೊವಾಯಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನಿಂದ ಅಂಗೈಯಗಲದ ಪಿಎಂ 2.5 ಮೀಟರ್ ತರಿಸಿದೆ. ಗಲ್ಲಾದಲ್ಲಿ 92. ಹನ್ನೊಂದಡಿ ಒಳಗೆ, ಪಕ್ಕದ ಗೋಡೆಯ ಬಳಿ 85. ಮುಖ ಸಣ್ಣದಾಯಿತು. ಗಲ್ಲಾ ಸರಿಸಿ ಎಂದು ಹೇಳಲು ಹೋದವನ ಕೈಯಲ್ಲಿ ಏಳರ ವ್ಯತ್ಯಾಸ. ಧಣಿ ಏನೂ ಹೇಳದೆ ಇನ್ನೊಂದು ಚಾ ತರಿಸಿದರು.

ಮನೆಗೆ ಹೋಗಿ ಓದಿದ ಮೇಲೆ ಗೊತ್ತಾಯಿತು, ತಪ್ಪು ಪ್ರಶ್ನೆಗೆ ಮೀಟರ್ ಸರಿ ಉತ್ತರ ಕೊಟ್ಟಿತ್ತು. ಪಿಎಂ 2.5 ಅಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳ ಒಟ್ಟು ತೂಕ. ನಮ್ಮ ಕೂದಲಿನ ದಪ್ಪ 50ರಿಂದ 70 ಮೈಕ್ರಾನ್. ಈ ತೂಕದಲ್ಲಿ ಬಹುಪಾಲು ಇಡೀ ನಗರದ ಗಾಳಿಯಲ್ಲಿ ಬೆರೆತು ಬಂದದ್ದು, ಅದು ಹತ್ತು ಹನ್ನೊಂದು ಅಡಿಗೆ ಬದಲಾಗದು. ಗಾಡಿಯ ಕೊಳವೆಯಿಂದ ಆಗತಾನೇ ಬಂದ ಕಣಗಳು 0.1 ಮೈಕ್ರಾನಿಗಿಂತಲೂ ಸಣ್ಣವು. ಲೆಕ್ಕದಲ್ಲಿ ಕೋಟಿ, ತೂಕದಲ್ಲಿ ಏನೂ ಇಲ್ಲ. ಅಂಗೈಯ ಲೇಸರ್ ಮೀಟರಿಗೆ 0.3 ಮೈಕ್ರಾನಿಗಿಂತ ಸಣ್ಣದು ಕಾಣುವುದೇ ಇಲ್ಲ. ಈ ಅತಿಸೂಕ್ಷ್ಮ ಕಣ, ಡೀಸೆಲಿನ ಮಸಿ, ನೈಟ್ರೋಜನ್ ಡೈಆಕ್ಸೈಡ್ ಇವು ರಸ್ತೆಯಂಚಿನಲ್ಲಿ ಮೇರೆಮೀರಿ, ದೂರ ಹೋದಂತೆ ಸರಕ್ಕನೆ ಇಳಿಯುತ್ತವೆ. ಮುನ್ನೂರು ಮೀಟರಿನ ಹೊತ್ತಿಗೆ ಅತಿಸೂಕ್ಷ್ಮ ಕಣಗಳು ಊರಿನ ಸಾಮಾನ್ಯ ಗಾಳಿಯ ಮಟ್ಟಕ್ಕೆ ಬಂದದ್ದನ್ನು ಲಾಸ್ ಏಂಜಲೀಸಿನ ಹೆದ್ದಾರಿಯ ಬಳಿ ಅಳೆದಿದ್ದಾರೆ. ದೊಡ್ಡ ರಸ್ತೆಯಿಂದ ಮುನ್ನೂರು ಮೀಟರ್ ದೂರ ಮುಂಬೈಯಲ್ಲಿ ಎಲ್ಲಿದೆ ಎಂದು ಕೇಳಬೇಡಿ.

ಡೀಸೆಲ್ ಹೊಗೆ ಅಸ್ತಮಾದವರಿಗೆ ಏನು ಮಾಡುತ್ತದೆ ಎನ್ನುವುದಕ್ಕೆ ನನಗೆ ಇಷ್ಟವಾದ ಪ್ರಯೋಗ ಲಂಡನ್ನಿನದು, 2007ರಲ್ಲಿ ಪ್ರಕಟವಾದದ್ದು. ಸೌಮ್ಯ ಇಲ್ಲವೇ ಮಧ್ಯಮ ಅಸ್ತಮಾ ಇರುವ 60 ಜನರನ್ನು ಆಗ ಡೀಸೆಲ್ ಬಸ್ಸು, ಟ್ಯಾಕ್ಸಿ ಮಾತ್ರ ಓಡುತ್ತಿದ್ದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಎರಡು ಗಂಟೆ ನಡೆಸಿದರು. ಇನ್ನೊಂದು ದಿನ ಹೈಡ್ ಪಾರ್ಕಿನಲ್ಲಿ. ರಸ್ತೆಯಲ್ಲಿ ನಡೆದ ದಿನ ಮೊದಲ ಸೆಕೆಂಡಿನ ಗಾಳಿ ಹೆಚ್ಚೆಂದರೆ 6.1 ಶೇಕಡಾ ಕಡಿಮೆಯಾಯಿತು, ಕಫದಲ್ಲಿ ಉರಿಯೂತದ ಗುರುತುಗಳು ಏರಿದವು. ಆ ಇಳಿಕೆ ಅತಿಸೂಕ್ಷ್ಮ ಕಣಗಳು ಮತ್ತು ಮಸಿಯ ಜೊತೆ ಹೆಚ್ಚು ಹೊಂದಿತು. ಅವರು ಎರಡು ಗಂಟೆ ನಡೆದರು. ಅಣ್ಣ ದಿನಕ್ಕೆ ಹದಿಮೂರು ಗಂಟೆ ಕೂರುತ್ತಾರೆ.

ಅಣ್ಣನ ತಕರಾರು ಕೆಮ್ಮು ಮಾತ್ರ. ನನ್ನ ಚಿಂತೆ ಅವರ ರಕ್ತದೊತ್ತಡ, 150/94. ಶ್ವಾಸಕೋಶದ ಆಳಕ್ಕಿಳಿದ ಕಣಗಳು ಎಬ್ಬಿಸುವ ಉರಿ ರಕ್ತನಾಳಕ್ಕೂ ತಾಗುತ್ತದೆ. ಹೃದಯಾಘಾತ, ಪಾರ್ಶ್ವವಾಯು ಎರಡೂ ಹೆಚ್ಚುತ್ತವೆ. 2024ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಮುಂಬೈ, ಪುಣೆ, ಬೆಂಗಳೂರು ಸೇರಿ ಹತ್ತು ನಗರಗಳ 2008ರಿಂದ 2019ರವರೆಗಿನ ಸಾವಿನ ದಾಖಲೆ ನೋಡಿ, ದಿನನಿತ್ಯದ ಸಾವುಗಳಲ್ಲಿ 7.2 ಶೇಕಡಾ, ಅಂದರೆ ವರ್ಷಕ್ಕೆ ಸುಮಾರು 33,000, ಪಿಎಂ 2.5ರ ಲೆಕ್ಕಕ್ಕೆ ಹೋಗುತ್ತವೆ ಎಂದಿತು. ಅವರಲ್ಲಿ ಹೆಚ್ಚಿನವರು ಕೆಮ್ಮಿ ಸತ್ತವರಲ್ಲ. ಒತ್ತಡದ ಮಾತ್ರೆ ಶುರು ಮಾಡಿದೆ, ಫ್ಲೂ ಲಸಿಕೆ ಹಾಕಿಸಿದೆ.

ಮಾಸ್ಕ್? ಎನ್ 95 ಕೊಟ್ಟೆ. ಮೂರು ದಿನ ಹಾಕಿದರು. ಗಲ್ಲಾದವನು ಮಾಸ್ಕ್ ಹಾಕಿದರೆ ಒಳಗೇನೋ ರೋಗ ಇದೆ ಎಂದು ಗಿರಾಕಿ ಹಿಂದೆ ಸರಿಯುತ್ತಾನೆ, ಕೆಮ್ಮಿದರೂ ಸರಿಯುತ್ತಾನೆ. ಅದು ಅಲ್ಲಿಗೆ ಮುಗಿಯಿತು.

ಗಲ್ಲಾ ಸರಿದದ್ದು

ಧಣಿಗೆ ಊದುಬತ್ತಿಯನ್ನೇ ತೋರಿಸಿದೆ. ಮೀಟರಿಗಿಂತ ಅದು ಕೆಲಸ ಮಾಡಿತು. “ಅಯ್ಯೋ ಮಾರಾಯ್ರೇ, ಇದು ಎಲ್ಲ ಸಾಂಬಾರಿಗೂ ಬೀಳ್ತದಲ್ಲ!” ಅಂದರು. ಅಣ್ಣನ ಶ್ವಾಸಕೋಶಕ್ಕಿಂತ ಸಾಂಬಾರು ಮೊದಲು ನೆನಪಾಯಿತೆಂದು ನನಗೆ ಬೇಸರವೇನಿಲ್ಲ. ಕಿಟಕಿ ತೆರೆದರೆ ಸಾಕಿತ್ತು.

ತಗಡು ಕಿತ್ತು, ಇಲಿ ನುಗ್ಗದ ಜಾಲರಿ ಹಾಕಿ, ಹಿಂದಿನ ಗಲ್ಲಿಯಿಂದ ಭಟ್ಟಿಯ ಪಕ್ಕಕ್ಕೆ ಗಾಳಿ ಬರುವ ಹಾಗೆ ಮಾಡಿದರು. ಫ್ಯಾನು ಈಗ ಹೆಚ್ಚಿನ ಪಾಲು ಅಲ್ಲಿಂದ ಎಳೆಯುತ್ತದೆ. ಆ ಗಲ್ಲಿಗೆ ಗಾಡಿ ನುಗ್ಗುವುದಿಲ್ಲ. ಗಟಾರದ ವಾಸನೆ ಇದೆ, ಅದು ಬೇರೆ ಮಾತು. ಟ್ಯಾಂಕರಿನವನಿಗೆ ಬೆಳಿಗ್ಗೆ ಐದೂವರೆಗೆ ಬರಲು ಹೇಳಿದರು. ಗಲ್ಲಾ ಸರಿಸುವುದೇ ಕಷ್ಟವಾಯಿತು. ಊಟ ಮಾಡಿ ಕೈ ತೊಳೆಯದೆ ಹೋಗುವವನನ್ನೂ, ದುಡ್ಡು ಕೊಡದೆ ಹೋಗುವವನನ್ನೂ ನೋಡಲು ಗಲ್ಲಾ ಬಾಗಿಲಲ್ಲೇ ಇರಬೇಕು ಎಂಬುದು ಒಂದು. ವಾಸ್ತು ಇನ್ನೊಂದು: ಧಣಿಯ ಅಪ್ಪ ಉತ್ತರಕ್ಕೆ ಮುಖ ಮಾಡಿ ಇಟ್ಟ ಗಲ್ಲಾ. ಹನ್ನೊಂದಡಿ ಒಳಗೆ, ಪಕ್ಕದ ಗೋಡೆಗೆ ಒರಗಿಸಿದರೂ ಮುಖ ಉತ್ತರಕ್ಕೇ ಇರುತ್ತದೆಂದು ಪುರೋಹಿತರು ಫೋನಿನಲ್ಲಿ ಒಪ್ಪಿದರು. ಒಂದು ಕ್ಯಾಮೆರಾ ಬಾಗಿಲ ಕಾವಲಿಗೆ. ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. 2024ರ ಮೇ ತಿಂಗಳಲ್ಲಿ ಬಣ್ಣ ಬಳಿಯುವಾಗ ಕೆಲಸ ಮುಗಿಯಿತು.

ಮಳೆಗಾಲದ ಅಂಕಿಗಳನ್ನು ನಾನು ನಂಬಲಿಲ್ಲ. ಜೂನಿನಿಂದ ಸೆಪ್ಟೆಂಬರ್ ಮುಂಬೈಯ ಗಾಳಿ ಎಲ್ಲರಿಗೂ ಊರಿನ ಗಾಳಿಯೇ. ಕಾದದ್ದು ಮುಂದಿನ ಚಳಿಗಾಲಕ್ಕೆ. 2025ರ ಜನವರಿಯ ಮೂರು ವಾರ, ಅದೇ ಕೊಳವೆ, ಅದೇ ಬಿಲ್ ಪುಸ್ತಕ: ಬೆಳಿಗ್ಗೆ 380, ರಾತ್ರಿ 350, 360. ಹಿಂದಿನ ವರ್ಷ ವಾರಕ್ಕೆ ಐದಾರು ಸಲ ಬೇಕಾಗುತ್ತಿದ್ದ ತುರ್ತು ಪಂಪು ಆ ಮೂರು ವಾರದಲ್ಲಿ ಎರಡು ಸಲ. ಊರಿನ 410 ಬಂದಿಲ್ಲ. ವರ್ಷವಿಡೀ ತೆಗೆದುಕೊಂಡ ಸ್ಟೀರಾಯ್ಡ್ ಪಂಪಿನ ಪಾಲು ಎಷ್ಟು, ಹನ್ನೊಂದಡಿಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಆಗದು. ಅಣ್ಣನಿಗೆ ಆ ತಲೆಬಿಸಿ ಇಲ್ಲ.

ಕಾಗದಪತ್ರದ ವಿಷಯ ಒಂದಿಷ್ಟು. ಇದನ್ನು ಉದ್ಯೋಗದಿಂದ ಬಂದ ಕಾಯಿಲೆಯೆಂದು ಬರೆಯಬಹುದೇ ಎಂದು ನೋಡಿದೆ. ಕಾರ್ಮಿಕರ ಪರಿಹಾರದ ಆಗಿನ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಅಸ್ತಮಾ ಇತ್ತು, ಆದರೆ ಕೆಲಸದ ಪ್ರಕ್ರಿಯೆಯಲ್ಲೇ ಇರುವ ವಸ್ತುವಿನಿಂದ ಬಂದಿರಬೇಕಿತ್ತು. ಇಡ್ಲಿ ಬಿಲ್ಲು ಹರಿಯುವ ಪ್ರಕ್ರಿಯೆಯಲ್ಲಿ ಡೀಸೆಲ್ ಇಲ್ಲ. ಲಂಡನ್ನಿನಲ್ಲಿ ದೊಡ್ಡ ರಸ್ತೆಯಿಂದ 25 ಮೀಟರ್ ದೂರದ ಮನೆಯ, ಎಲ್ಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಅಸ್ತಮಾದಿಂದ ತೀರಿಕೊಂಡಾಗ, ವಾಯುಮಾಲಿನ್ಯವೂ ಸಾವಿಗೆ ಕಾರಣ ಎಂದು ಬರೆಸಲು ಅವಳ ತಾಯಿ 2020ರವರೆಗೆ ಹೋರಾಡಬೇಕಾಯಿತು. ನನ್ನ ಕೇಸ್ ಪೇಪರಿನಲ್ಲಿ ‘ಕಾರಣ’ ಎಂಬಲ್ಲಿ ನಾನು ‘ರಸ್ತೆ’ ಎಂದು ಬರೆದಿದ್ದೇನೆ. ಅದಕ್ಕೆ ಬೆಲೆಯೇನೂ ಇಲ್ಲ.

ನಗರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 1999ರಲ್ಲಿ ನಾಗರಿಕರು ಹೈಕೋರ್ಟಿಗೆ ಹೋದದ್ದರಿಂದ ಗಾಡಿಗಳ ಹೊಗೆ ತಗ್ಗಿಸುವ ದಾರಿ ನೋಡಲು ಲಾಲ್ ಸಮಿತಿ ಬಂತು, ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. 2020ರ ಏಪ್ರಿಲಿನಿಂದ ಹೊಸ ಗಾಡಿಗಳ ಹೊಗೆಗೆ ಬಿಎಸ್ 6 ಮಾನಕ. ಇಂಧನದ ಗಂಧಕ 50ರಿಂದ 10 ಪಿಪಿಎಮ್ಮಿಗೆ ಇಳಿದದ್ದರಿಂದ ಹೊಸ ಡೀಸೆಲ್ ಗಾಡಿಗೆ ಮಸಿ ಹಿಡಿಯುವ ಜಾಲರಿ ಕೂರಿಸಲು ಆಯಿತು. ಹಳೆಯ ಟೆಂಪೊ, ಟ್ಯಾಂಕರಿಗೆ ಆ ಜಾಲರಿ ಇಲ್ಲ. ಬ್ರೇಕು, ಟಯರು ಸವೆದ ಪುಡಿ, ಅಗೆದ ರಸ್ತೆಯ ಧೂಳು ಯಾವ ಇಂಧನಕ್ಕೂ ಜಗ್ಗುವುದಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟು ಕಟ್ಟಿಗೆ, ಇದ್ದಿಲಿನ ಬೇಕರಿ, ಹೋಟೆಲುಗಳಿಗೆ ಆರು ತಿಂಗಳಲ್ಲಿ ಇಂಧನ ಬದಲಿಸಲು ಹೇಳಿದಾಗ ಧಣಿ ನನಗೆ ಫೋನು ಮಾಡಿ, “ನಮ್ದು ಗ್ಯಾಸ್ ಡಾಕ್ಟ್ರೇ, ನಾವು ಪಾಸು,” ಅಂದರು. ಅದೇ ಆಜ್ಞೆಯಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ಬಿಡುವುದನ್ನು ಪರಿಶೀಲಿಸುವ ಸಮಿತಿಯ ಮಾತೂ ಇತ್ತು. ಹೋಟೆಲಿಗೆ ಆರು ತಿಂಗಳು, ಗಾಡಿಗೆ ಸಮಿತಿ.

ಗಲ್ಲಾ ಒಳಗೆ ಸರಿದ ಮೇಲೆ ಶಟರಿನ ಎಡಮೂಲೆ ಖಾಲಿ ಬಿದ್ದಿತ್ತು. ಮುಂಬೈಯಲ್ಲಿ ಖಾಲಿ ಮೂಲೆ ಎಷ್ಟು ದಿನ ಇರುತ್ತದೆ? ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಪಾರ್ಸೆಲ್ ಕೌಂಟರ್ ಬಂತು. ಡೆಲಿವರಿ ಹುಡುಗರು ಬೈಕು ಬಂದ್ ಮಾಡದೆಯೇ ಕೈಚಾಚಿ ಚೀಲ ತೆಗೆದುಕೊಂಡು ಹೋಗುತ್ತಾರೆ. ಕೌಂಟರಿನಲ್ಲಿ ನಿಲ್ಲುವವನು ಒಡಿಶಾದಿಂದ ಬಂದ ಹತ್ತೊಂಬತ್ತು ವರ್ಷದ ಹುಡುಗ. ಅಣ್ಣ ಅವನಿಗೆ ಕನ್ನಡ ಕಲಿಸಿದ್ದಾರೆ. “ನಮಸ್ಕಾರ ಡಾಕ್ಟ್ರೇ, ಚಾ ಉಂಟು” ಅನ್ನುತ್ತಾನೆ. ಫ್ಯಾನು ಈಗ ಮೊದಲಿನಷ್ಟು ಮುಂದಿನಿಂದ ಎಳೆಯುವುದಿಲ್ಲ, ಆದರೂ ರಸ್ತೆ ಅಲ್ಲೇ ಇದೆ, ಐದಡಿ ಆಚೆ.

ಕಳೆದ ವಾರ ಅಣ್ಣ ಅವನನ್ನು ಕೈಹಿಡಿದು ದವಾಖಾನೆಗೆ ಕರೆತಂದರು. ಕೆಮ್ಮಿಲ್ಲ, ಏನೂ ಇಲ್ಲ. “ಸುಮ್ನೆ ಒಮ್ಮೆ ಊದಿಸಿ ನೋಡಿ, ಬರ್ದು ಇಡುವ,” ಅಂದರು. ಹುಡುಗ ಎದೆಯುಬ್ಬಿಸಿ ಮೂರು ಸಲ ಊದಿದ. 510, 530, 530. ಅಣ್ಣ ಕಿಸೆಯಿಂದ ಬಿಲ್ ಪುಸ್ತಕ ತೆಗೆದು, ಹೊಸ ಹಾಳೆ ಮಗುಚಿ, ಮೇಲೆ ಅವನ ಹೆಸರನ್ನೂ ದಿನಾಂಕವನ್ನೂ ಬರೆದರು.